ಪಕ್ಕದವಳ ತಟ್ಟೆ

ನಮ್ಮ ಕಾನ್ವೆಂಟ್ ಬೋರ್ಡಿಂಗಿನ ಊಟದ ಹಾಲ್‌ನಲ್ಲಿ ಒಂದು ರೂಲ್ ಇತ್ತು. ಯಾವ ಹುಡುಗಿಯೂ ತನಗೆ ಬೇಕಾದ್ದನ್ನು ಬಾಯಿಬಿಟ್ಟು ಕೇಳುವಂತಿಲ್ಲ. ಉಪ್ಪಾಗಲಿ, ನೀರಾಗಲಿ, ಪಕ್ಕದವಳು ಗಮನಿಸಿ ದಾಟಿಸಬೇಕು. ಅವಳಿಗೆ ಬೇಕಾದ್ದನ್ನು ನಾವು ಗಮನಿಸಬೇಕು. ಎಷ್ಟೋ ಹುಡುಗಿಯರು ಸಪ್ಪೆ ಸಾರು ಉಂಡೇ ಎದ್ದಿದ್ದಾರೆ. ನಾನು ಮಾತ್ರ ಲಕ್ಕಿ. ನನ್ನ ಪಕ್ಕ ಕೂರುತ್ತಿದ್ದವಳಿಗೆ ನನ್ನ ತಟ್ಟೆಯ ಮೇಲೇ ಕಣ್ಣು. ಬೆಣ್ಣೆ ಅಂದರೆ ನನಗೆ ಪ್ರಾಣ ಅಂತ ಗೊತ್ತಿದ್ದರಿಂದ, ಸಿಸ್ಟರ್ ಆ ಕಡೆ ತಿರುಗಿದ ಕೂಡಲೇ ತನ್ನ ಪಾಲನ್ನೂ ನನ್ನ ಬ್ರೆಡ್ಡಿಗೆ ಸವರಿಬಿಡುತ್ತಿದ್ದಳು.

ಹೆಬ್ಬಾಳದ ಹತ್ತಿರ ಒಂದು ದೊಡ್ಡ ಹೋಟೆಲಿನ ಮೇಲಂತಸ್ತಿನಲ್ಲಿ ಫೈನ್ ಡೈನಿಂಗ್ ರೆಸ್ಟೋರೆಂಟು ಶುರುವಾದಾಗ ನಾವಿಬ್ಬರೂ ಮುದುಕಿಯರಾಗಿದ್ದೆವು. ನಾನು ಆರ್.ಟಿ. ನಗರದಲ್ಲಿ ಒಬ್ಬಳೇ, ಅವಳು ತಣಿಸಂದ್ರದಲ್ಲಿ, ತಂಗಿಯ ಮಗಳ ಫ್ಲಾಟಿನಲ್ಲಿ. ಆ ರೆಸ್ಟೋರೆಂಟಿನಲ್ಲಿ ಮೂರು ತಿಂಗಳಿಗೊಮ್ಮೆ ಮೆನು ಪೂರ್ತಿ ಬದಲಾಗುತ್ತಿತ್ತು. ಒಮ್ಮೆ ಕರಾವಳಿ ಥೀಮ್, ಒಮ್ಮೆ ಮಳೆಗಾಲ, ಒಮ್ಮೆ ಬರೀ ಸಿರಿಧಾನ್ಯ. ಹೊಸ ಮೆನು ಬಂದಾಗಲೆಲ್ಲ ಒಂದು ಭಾನುವಾರದ ಲಂಚ್ ನಮ್ಮದು. ನಮಗಿದ್ದ ಲಕ್ಷುರಿ ಅದೊಂದೇ. ಎದುರುಬದುರಾಗಿ ಕೂರುತ್ತಿರಲಿಲ್ಲ. ಬೋರ್ಡಿಂಗಿನ ಬೆಂಚಿನಲ್ಲಿ ಕೂತ ಹಾಗೆ ಅಕ್ಕಪಕ್ಕ, ಕಿಟಕಿಯಾಚೆಯ ಕೆರೆಗೆ ಮುಖ ಮಾಡಿ.

"ತಟ್ಟೆ ನೋಡಿದ್ರೆ ಮದುವೆ ಪರಾತ, ಒಳಗೆ ನೋಡಿದ್ರೆ ಒಂದು ಚಮಚ ಪಲ್ಯ," ಎಂದು ಅವಳು ಪಿಸುಗುಡುತ್ತಿದ್ದಳು. "ನಮ್ಮ ಬೋರ್ಡಿಂಗ್ ಇರುವೆಗಳೂ ಇದಕ್ಕಿಂತ ಜಾಸ್ತಿ ತಿಂತಿದ್ವು ಕಣೇ."

"ಷ್! ಡೋಂಟ್ ಬಿ ವಲ್ಗರ್," ಎಂದು ನಾನು ಸಿಸ್ಟರ್ ಧ್ವನಿಯಲ್ಲಿ ಗದರುತ್ತಿದ್ದೆ. ಇಬ್ಬರೂ ನ್ಯಾಪ್ಕಿನ್ನಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದೆವು.

ಆಮೇಲೆ ಅವಳ ನೆನಪು ಜಾರತೊಡಗಿತು. ಸಿರಿಧಾನ್ಯದ ಮೆನು ನಡೆಯುತ್ತಿರುವಾಗ ಕರಾವಳಿಯ ನೀರುದೋಸೆ ಕೇಳಿದಳು. ಅದು ಮುಗಿದುಹೋಯಿತು ಮ್ಯಾಮ್, ಈಗ ಬೇರೆ ಥೀಮ್ ಎಂದು ವೇಟರ್ ಹೇಳಿದರೆ, "ನಿನ್ನೆ ತಾನೇ ಇಲ್ಲೇ ತಿಂದಿದ್ದೀನಿ, ಸುಳ್ಳು ಹೇಳ್ತೀರಾ?" ಎಂದು ರೇಗಿದಳು. ಮುಂದಿನ ಮೆನು ಬರುವಷ್ಟರಲ್ಲಿ ನನ್ನ ಹೆಸರೂ ಅವಳಿಗೆ ಮರೆತುಹೋಗಿತ್ತು.

ಆದರೂ ಫೋನ್ ಮಾಡಿದೆ. ತಂಗಿಯ ಮಗಳು ಎತ್ತಿದಳು.

"ಆಂಟಿ, ದೊಡ್ಡಮ್ಮಂಗೆ ಈಗ ನಾನೇ ಯಾರು ಅಂತ ಗೊತ್ತಾಗಲ್ಲ. ಅಲ್ಲಿಗೆ ಕರ್ಕೊಂಡ್ಹೋಗಿ ಏನ್ ಮಾಡ್ತೀರಾ?"

"ಊಟ ಮಾಡ್ತೀವಿ ಕಣಮ್ಮ. ಮೆನು ಚೇಂಜ್ ಆಗಿದೆ."

ನಿಜ ಹೇಳಬೇಕೆಂದರೆ ನನಗೊಂದು ಆಸೆಯಿತ್ತು. ಹೆಸರು ಮರೆತಿರಬಹುದು, ನನ್ನ ತಟ್ಟೆಯನ್ನು ಅವಳು ಮರೆತಿರಲಾರಳು. ಬೆಣ್ಣೆ ದಾಟಿಸಿದರೆ ಸಾಕು, ಅವಳೊಳಗೆ ಎಲ್ಲೋ ನಾನಿನ್ನೂ ಇದ್ದೇನೆ ಅಂದುಕೊಳ್ಳುತ್ತೇನೆ. ನನ್ನನ್ನು ಹುಡುಗಿಯಾಗಿ ಕಂಡವರು ಅವಳನ್ನು ಬಿಟ್ಟರೆ ಯಾರೂ ಉಳಿದಿರಲಿಲ್ಲ.

ಆ ಸಲದ ಥೀಮ್ ಹಳೆಯ ಕಾಲದ ರೈಲು ಪ್ರಯಾಣ. ಮೆನು ಕಾರ್ಡು ಟಿಕೆಟಿನಂತಿತ್ತು. ಟೊಮೆಟೊ ಸೂಪು ಬಂತು, ಜೊತೆಗೆ ಬಿಸಿ ಬ್ರೆಡ್ಡು. ಬೆಣ್ಣೆಯ ಪುಟ್ಟ ಬಟ್ಟಲನ್ನು ವೇಟರ್ ಅವಳ ಆಚೆ ಬದಿಗೆ, ನನ್ನ ಕೈಗೆ ನಿಲುಕದಂತೆ ಇಟ್ಟ. ನನ್ನ ಬರಿ ಬ್ರೆಡ್ಡು ನೋಡಿ ಅವನೇ ಅದನ್ನು ಸರಿಸಲು ಬಂದಾಗ, ಬೇಡ ಎಂದು ಕಣ್ಣಲ್ಲೇ ತಡೆದೆ. ಅವನಿಗೆ ಏನು ಅರ್ಥವಾಯಿತೋ, ಹಿಂದೆ ಸರಿದ.

ಅವಳು ಟಿಕೆಟನ್ನು ತಿರುಗಿಸಿ ತಿರುಗಿಸಿ ನೋಡಿದಳು. "ನಾವು ಎಲ್ಲಿ ಇಳೀಬೇಕು?"

"ಇನ್ನೂ ದೂರ ಇದೆ," ಅಂದೆ.

ಸಮಾಧಾನವಾದಂತೆ ಸೂಪು ಕುಡಿಯತೊಡಗಿದಳು. ಸದ್ದಿಲ್ಲದೆ, ಬೆನ್ನು ನೆಟ್ಟಗೆ, ಸಿಸ್ಟರ್ ಕಲಿಸಿದಂತೆ. ನನ್ನ ಸೂಪು ತಣ್ಣಗಾಯಿತು. ಬ್ರೆಡ್ಡನ್ನು ಮುರಿದು ಹಾಗೇ ಇಟ್ಟುಕೊಂಡು ಕೂತೆ. ಸುತ್ತಲಿನ ಟೇಬಲ್‌ಗಳಲ್ಲಿ ಜನ ಫೋಟೊ ತೆಗೆದುಕೊಳ್ಳುತ್ತಿದ್ದರು, ನಗುತ್ತಿದ್ದರು. ಅಷ್ಟು ಜನರ ನಡುವೆ, ಅವಳ ಮೊಣಕೈ ನನ್ನ ಮೊಣಕೈಗೆ ತಾಗುತ್ತಿರುವಾಗಲೇ, ಮನೆಯಲ್ಲಿ ಒಬ್ಬಳೇ ಉಣ್ಣುವಾಗಲೂ ಆಗದಷ್ಟು ಒಂಟಿ ಅನಿಸಿತು.

ಆಗ ಅವಳ ಕಣ್ಣು ನನ್ನ ತಟ್ಟೆಯ ಮೇಲೆ ಬಿತ್ತು. ಬೆಣ್ಣೆಯ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ತಂದಿಟ್ಟಳು.

"ಪ್ಲೀಸ್, ತಗೊಳ್ಳಿ," ಅಂದಳು ನಸುನಕ್ಕು. "ನಿಮ್ಮದು ಯಾವ ಸ್ಕೂಲು?"

ನಮ್ಮ ಕಾನ್ವೆಂಟಿನ ಹೆಸರು ಹೇಳಿದೆ.

ಅವಳ ಮುಖ ಅರಳಿತು. "ಅಯ್ಯೋ ಹೌದಾ? ನಂದೂ ಅದೇ! ಅಲ್ಲಿ ನನ್ನ ಪಕ್ಕ ಒಬ್ಬಳು ಕೂತ್ಕೊಳ್ತಿದ್ದಳು. ಬೆಣ್ಣೆ ಅಂದ್ರೆ ಸಾಯ್ತಿದ್ದಳು, ಆದ್ರೆ ಪಾಪ, ಬಾಯಿಬಿಟ್ಟು ಕೇಳ್ತಿರ್ಲಿಲ್ಲ. ನೀವೇನಾದ್ರೂ ನೋಡಿದೀರಾ ಅವಳನ್ನ?"

"ನೋಡಿದೀನಿ."

"ಮುಂದಿನ ಸಲ ಅವಳನ್ನೂ ಕರ್ಕೊಂಡ್ ಬನ್ನಿ. ಪ್ರಾಮಿಸ್?"

ಪ್ರಾಮಿಸ್ ಅಂದೆ. ಬ್ರೆಡ್ಡಿಗೆ ಬೆಣ್ಣೆ ಸವರಿಕೊಂಡೆ. ಬಾಯಿಗಿಡಲು ಸ್ವಲ್ಪ ಹೊತ್ತು ಬೇಕಾಯಿತು.