ಕಲ್ಯಾಣದ ಅಂಗಳದಲ್ಲಿ ಟೊಪ್ಪಿಗೆ ದೊರೆ

ಹುಮನಾಬಾದಿನಲ್ಲಿ ಬಸ್ಸು ಹತ್ತಿದ್ದು ಆಗಸ್ಟ್ ಹದಿನಾಲ್ಕರ ಮಧ್ಯಾಹ್ನ. ಶ್ರಾವಣದ ಮಳೆ ಮುಂಜಾನೆಯಿಂದ ಜಿಟಿಜಿಟಿ ಹಿಡಿದಿತ್ತು. ವೀರಭದ್ರ ದೇವರ ಗುಡಿಯ ಕಡೆ ತಿರುಗಿ ಕೈಮುಗಿದೆ. ಹಬ್ಬಗಳ ತಿಂಗಳಲ್ಲಿ ಸೊಸೆಯನ್ನು ಊರಿಗೆ ಕಳಿಸುವ ಅತ್ತೆ ಎಲ್ಲರಿಗೂ ಸಿಗುವುದಿಲ್ಲ. ನನ್ನ ಅತ್ತೆ ಎದುರಾಡದೆ ಕಳಿಸಿದ್ದರು. ಅದೊಂದು ಪುಣ್ಯ. ಬಸ್ಸಿನಲ್ಲಿ ಮೇಲಿಂದ ಸೋರದ ಜಾಗ ಸಿಕ್ಕಿದ್ದು ಇನ್ನೊಂದು.

ಕಲ್ಯಾಣದಿಂದ ನನ್ನ ದೊಡ್ಡವ್ವ ನೀಲಮ್ಮ ಹೇಳಿ ಕಳಿಸಿದ್ದಳು: "ನನ್ನ ಕೈ ನಡಗಾಕತ್ತದ. ಈ ಸಲ ದೊರೀನ್ನ ನೀನ ಬಂದು ಹಾಕು. ನನ್ನ ಸಂಗಟ ಹೋದ್ರ ಅಂವ ಮತ್ತ ಸಿಗಂಗಿಲ್ಲ." ದೊರೆ ಎಂದರೆ ಮನುಷ್ಯನಲ್ಲ, ರಂಗೋಲಿ. ಬಗ್ಗಿದ ರೈತನ ಬೆನ್ನ ಮೇಲೆ ಟೊಪ್ಪಿಗೆ ಹಾಕಿಕೊಂಡ ಬಿಳಿ ದೊರೆ ಕುಳಿತಿದ್ದಾನೆ. ರೈತ ಕೈ ಹಿಂದಕ್ಕೆ ಎತ್ತಿ ಆ ಟೊಪ್ಪಿಗೆ ಕೀಳುತ್ತಿದ್ದಾನೆ. ಸ್ವಾತಂತ್ರ್ಯ ಬಂದ ಮೇಲೂ ದೊಡ್ಡವ್ವ ಅದನ್ನು ಪ್ರತಿ ಆಗಸ್ಟ್ ಹದಿನೈದಕ್ಕೆ ಅಂಗಳದಲ್ಲಿ ಹಾಕುತ್ತಿದ್ದಳು. ಅವಳಿಗೆ ಹೆಣ್ಣುಮಕ್ಕಳಿಲ್ಲ. ಸೊಸೆ ಬಾಣಂತನಕ್ಕೆಂದು ಹುಲಸೂರಿನ ತವರಿಗೆ ಹೋಗಿದ್ದಳು.

ರಾಜೇಶ್ವರ ದಾಟುವಾಗ ತೊಗರಿ ಹೊಲಗಳ ಮೇಲೆ ಮೋಡ ಕವಿದಿತ್ತು. ಇಂಥ ಮಳೆಯಲ್ಲಿ ರಂಗೋಲಿ ನಿಲ್ಲುವುದು ಹ್ಯಾಂಗ ಎಂಬ ಚಿಂತೆ ಹತ್ತಿತು. ಕಲ್ಯಾಣದಲ್ಲಿ ಇಳಿದು, ಕೆಸರು ತುಳಿದು ಮನೆ ಮುಟ್ಟಿದೆ. ದೊಡ್ಡವ್ವ ಬಿಸಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಇಟ್ಟಳು. ಎದುರು ಮನೆಯ ಚಾಂದಬಿ ಖಾಲಾ ಬಂದು ಹೊಸ್ತಿಲ ಮೇಲೆ ಕುಳಿತರು. ಈ ಕಥೆಯಲ್ಲಿ ಅರ್ಧ ಅವರದೇ.

ಚಲೇಜಾವ್ ಗದ್ದಲದ ಕಾಲದಲ್ಲಿ ಅಂಗಡಿಯಿಂದ ಬೆಲ್ಲ ಕಟ್ಟಿ ಬಂದ ಉರ್ದು ಪೇಪರಿನಲ್ಲಿ ಈ ದೊರೆಯ ವ್ಯಂಗ್ಯಚಿತ್ರವಿತ್ತು. ಕೆಳಗಿನ ಬರಹವನ್ನು ಚಾಂದಬಿ ಓದಿ ಹೇಳಿದರು. ದೊಡ್ಡವ್ವ ಚಿತ್ರವನ್ನು ಚುಕ್ಕಿಗೆ ಇಳಿಸಿ, ಪೇಪರನ್ನು ಒಲೆಗೆ ಹಾಕಿದಳು. ಕಾಗದದ ಮೇಲೆ ಇದ್ದರೆ ಪೋಲೀಸರ ಕೈಗೆ ಸಿಗುತ್ತದೆ, ತಲೆಯಲ್ಲಿದ್ದರೆ ಸಿಗುವುದಿಲ್ಲ ಎಂಬುದು ಆ ಹೆಣ್ಣುಮಕ್ಕಳ ಕಟ್ಟಳೆ. ಸಂತೆಗೆ ಬಂದವರು, ತವರಿಗೆ ಹೊರಟವರು ಚುಕ್ಕಿ ಕಲಿತು ಹೋದರು. ಕೊಹಿನೂರ, ಬೇಮಳಖೇಡದ ಅಂಗಳಗಳಲ್ಲೂ ಮಬ್ಬಿನಲ್ಲಿ ದೊರೆ ಏಳುತ್ತಿದ್ದ, ಬಿಸಿಲೇರುವ ಮೊದಲು ಸಗಣಿ ನೀರಿನಲ್ಲಿ ಮುಳುಗುತ್ತಿದ್ದ.

"ಇವಳ ಅತ್ತೀದು ಹೇಳಲೇನು?" ಎಂದು ಚಾಂದಬಿ ದೊಡ್ಡವ್ವನ ಕಡೆ ಕೈ ತೋರಿಸಿ ನಕ್ಕರು.

"ನೀ ಬಿಡ್ತೀ ಏನ? ಹೇಳು," ಎಂದಳು ದೊಡ್ಡವ್ವ.

ಒಂದು ಮುಂಜಾನೆ ದೊಡ್ಡವ್ವ ನೀರು ತರಲು ಒಳಗೆ ಹೋಗಿದ್ದಳು. ಅವಳ ಅತ್ತೆ ಪೂಜೆ ಮುಗಿಸಿ ಹೊರಗೆ ಬಂದವರು, ಸೊಸೆ ಯಾವುದೋ ಹೊಸ ವ್ರತ ಹಿಡಿದಿದ್ದಾಳೆಂದು ತಿಳಿದು, ದೊರೆಯ ಟೊಪ್ಪಿಗೆಗೆ ಅರಿಶಿಣ ಕುಂಕುಮ ಏರಿಸಿ, ಹೂವಿಟ್ಟು, ಕೈಮುಗಿದು ನಿಂತರು. ಅಷ್ಟರಲ್ಲಿ ಪೋಲೀಸ್ ಜವಾನ ಬಂದ. ಚಿತ್ರ ಹುಡುಕುತ್ತಲೇ ಬಂದವನು ಕುಂಕುಮ ನೋಡಿ ಬೂಟು ಬಿಚ್ಚಿದ.

"ಯಾವ ದೇವರ್ರಿ ಇದು?" ಎಂದು ಕೇಳಿದನಂತೆ.

"ನನಗೇನ್ ಗೊತ್ತಪ್ಪ, ಸೊಸಿ ಹಿಡದ ವ್ರತ," ಎಂದರಂತೆ ಮುದುಕಿ.

ಅವನೂ ಕೈಮುಗಿದು ಹೋದ. ಆಮೇಲೆ ನಿಜ ತಿಳಿದಾಗ ಅತ್ತೆ ಉರಿದುಬಿದ್ದರು. ಪೋಲೀಸರ ಅಂಜಿಕೆಗಲ್ಲ. "ನನ್ನ ಕೈಲೆ ಟೊಪ್ಪಿಗಿಗೆ ಪೂಜಿ ಮಾಡಿಸಿದೇನ" ಎಂದು ಇನ್ನೊಮ್ಮೆ ಜಳಕ ಮಾಡಿ, ಇನ್ನೊಮ್ಮೆ ಲಿಂಗಪೂಜೆಗೆ ಕುಳಿತರಂತೆ.

ಸಂಜೆ ಅಡಿಗೆಮನೆಯ ನೆಲದ ಮೇಲೆ ಬೂದಿಯಲ್ಲಿ ಕಲಿಯತೊಡಗಿದೆ. ದೇವರ ಚಿತ್ರ ಹಾಕಿ ಹಾಕಿ ಪಳಗಿದ ಕೈ ನನ್ನದು. ದೊರೆಗೂ ಕಮಲದ ಎಸಳಿನಂಥ ಕಣ್ಣು ಬಂದವು. ದೊಡ್ಡವ್ವ ಒರೆಸಿದಳು.

"ಇಷ್ಟ ಚಂದ ಕಣ್ಣ ಯಾಕ ತಗದಿ? ಮತ್ತ ಕುಂಕುಮ ಬೀಳ್ತದ."

"ಬೀಳ್ಲಿ ಬಿಡು ನೀಲಕ್ಕಾ, ಒಮ್ಮೆ ಅದ ಉಳಿಸ್ಯಾದ," ಎಂದರು ಚಾಂದಬಿ.

ಟೊಪ್ಪಿಗೆ ಕೀಳುವ ರೈತನ ಆ ಕೈ ಮಾತ್ರ ನನಗೆ ಬರಲೇ ಇಲ್ಲ. ಅದು ಪೇಪರಿನಲ್ಲಿ ಇರಲಿಲ್ಲ, ದೊಡ್ಡವ್ವ ಸ್ವಂತ ಕೂಡಿಸಿದ್ದು. ಪ್ರತಿ ಸಲವೂ ಅವಳು ಬೆರಳು ತೋರಿಸಿದ ಮೇಲೆಯೇ ಗೆರೆ ಸರಿಹೋಗುತ್ತಿತ್ತು.

ಮುಂಜಾನೆ ಎದ್ದಾಗ ಹನಿ ಬೀಳುತ್ತಿತ್ತು. ಬಸವಣ್ಣನನ್ನು ನೆನೆದು, ಅಂಗಳಕ್ಕೆ ನೀರು ಚಿಮುಕಿಸಿ ಥಳಿ ಹೊಡೆದೆ. ಸಾರಿಸುವಷ್ಟರಲ್ಲಿ ಮಳೆ ನಿಂತು ಹೊಳವಾಯಿತು; ಅದಕ್ಕಿಂತ ದೊಡ್ಡ ಕೃಪೆ ನಾನು ಆವತ್ತು ಬೇಡಿರಲಿಲ್ಲ. ಚುಕ್ಕಿ ಇಟ್ಟೆ, ರೈತನ ಬೆನ್ನು ಬಗ್ಗಿಸಿದೆ, ದೊರೆಯನ್ನು ಕೂಡ್ರಿಸಿದೆ, ಸಣ್ಣ ಕಣ್ಣು ತೆಗೆದೆ. ಕೈಯ ಗೆರೆಗೆ ಬಂದು ನಿಂತುಬಿಟ್ಟೆ. ಶಾಲೆ ಮಕ್ಕಳ ಪ್ರಭಾತ ಫೇರಿಯ ಡೋಲು ಓಣಿಯ ತುದಿಯಲ್ಲಿ ಕೇಳುತ್ತಿತ್ತು.

"ದೊಡ್ಡವ್ವ, ಯಾವ ಚುಕ್ಕಿಯಿಂದ?"

ಅವಳು ಹೊಸ್ತಿಲ ಮೇಲೆ ಕುಳಿತು ರಸ್ತೆಯ ಕಡೆ ಮುಖ ತಿರುಗಿಸಿದಳು. "ನಾ ಹೇಳಂಗಿಲ್ಲ. ಬರೋ ವರ್ಷ ಯಾರು ಹೇಳ್ತಾರ?"

ಸಿಟ್ಟು ಬಂತು, ಅಳುವೂ ಬಂತು. ಆಮೇಲೆ ನಾನೇ ಬಗ್ಗಿ, ಬೆನ್ನ ಮೇಲೆ ಹೊರೆ ಇದ್ದಂತೆ ಮಾಡಿಕೊಂಡು, ಕೈ ಹಿಂದಕ್ಕೆ ಎತ್ತಿ ನೋಡಿದೆ. ಕೈ ಹೊರಡುವುದು ಭುಜದಿಂದ. ಭುಜದ ಚುಕ್ಕಿಯಿಂದ ಗೆರೆ ಎಳೆದೆ. ಸೀದಾ ಟೊಪ್ಪಿಗೆಗೆ ಹೋಗಿ ಮುಟ್ಟಿತು.

ಮಕ್ಕಳು ಬಂದರು. ಮುಂದಿದ್ದವರು ತಾವಾಗಿ ಎರಡು ಸಾಲಾಗಿ ಒಡೆದು, ರಂಗೋಲಿ ತುಳಿಯದೆ ಬಳಸಿ ನಡೆದರು. ಹಿಂದಿನವರು ದೊರೆಯನ್ನು ನೋಡಿ ಕಿಸಿಕಿಸಿ ನಗುತ್ತ ಘೋಷಣೆಯನ್ನೇ ಮರೆತರು. ಮಾಸ್ತರರು ಗದರಿಸಲು ಬಂದವರು ತಾವೂ ನಕ್ಕರು. ದೊಡ್ಡವ್ವ ಚಾಂದಬಿಯ ಕಡೆ ನೋಡಿದಳು. "ಮೂಗ ಸ್ವಲ್ಪ ಡೊಂಕಾಗ್ಯಾದ," ಎಂದಳು. ಅವಳ ಬಾಯಿಂದ ಅಷ್ಟು ಬಂದರೆ ಹೊಗಳಿದಂತೆ.

ಮಧ್ಯಾಹ್ನ ನಾನು ಚೀಲ ಹಿಡಿದು ಹೊರಡುವಾಗ ಮಳೆ ಮತ್ತೆ ಶುರುವಾಯಿತು. ಓಣಿ ತಿರುಗುವಲ್ಲಿ ನಿಂತು ನೋಡಿದೆ: ಅಂಗಳದಲ್ಲಿ ದೊರೆ ಕರಗಿ ಬಿಳಿ ನೀರಾಗಿ ಗಟಾರಕ್ಕೆ ಹರಿಯುತ್ತಿದ್ದ. ಇಬ್ಬರು ಮುದುಕಿಯರು ಅದನ್ನು ನೋಡುತ್ತ ಚಹಾ ಕುಡಿಯುತ್ತಿದ್ದರು.

ಮರುದಿನ ಹುಮನಾಬಾದಿನ ನಮ್ಮ ಬಾಗಿಲಲ್ಲಿ, ಯಾರೂ ಏಳುವ ಮೊದಲು, ಒಬ್ಬಳೇ ಹಾಕಿ ನೋಡಿದೆ. ಎಲ್ಲ ಗೆರೆಯೂ ಬಂತು. ಕೈ ತೊಳೆದು ಹೊರಗೆ ಬರುವಷ್ಟರಲ್ಲಿ ನನ್ನ ಅತ್ತೆ ಕುಂಕುಮದ ಬಟ್ಟಲು ಹಿಡಿದು ಅದರ ಮುಂದೆ ಬಗ್ಗಿದ್ದರು.

"ಯಾವ ದೇವರವ್ವ ಇದು?" ಎಂದರು.

"ತಡೀರಿ ಅತ್ತಿ," ಎಂದು ಬಟ್ಟಲು ಇಸಿದುಕೊಂಡೆ. "ಮೊದಲ ಇಲ್ಲಿ ಕೂಡ್ರಿ. ಚುಕ್ಕಿ ಹ್ಯಾಂಗ ಇಡೋದಂತ ತೋರಸ್ತೀನಿ."