ಮರಳಿನ ಮೇಲೆ ಬರೆದ ಹಾವು

ನಿಜಾಮರ ಆಳ್ವಿಕೆಯಲ್ಲಿ, ಮೊದಲ ಮಹಾಯುದ್ಧ ಮುಗಿದ ಮರುವರ್ಷ, ನಾನು ಕಲಬುರ್ಗಿಯ ಕೋರ್ಟಿನಲ್ಲಿ ತರ್ಜುಮೆದಾರನಾಗಿದ್ದೆ. ಜನ ಕನ್ನಡದಲ್ಲಿ ಅತ್ತದ್ದನ್ನು ಉರ್ದುವಿನಲ್ಲಿ ಬರೆದಿಡುವುದು ನನ್ನ ಘನಕಾರ್ಯ. ರಾಜ್ಯಭಾರ ಅದರ ಮೇಲೆಯೇ ನಿಂತಿದೆ ಎಂದು ನಾನೊಬ್ಬ ನಂಬಿದ್ದೆ.

ಕಮಲಾಪುರದ ಗುರಮ್ಮ ಗಂಡನಿಗೆ ವಿಷ ಹಾಕಿದಳೆಂಬ ಪ್ರಕರಣ ಬಂತು. ದೂರು ಕೊಟ್ಟವನು ಗಂಡನ ಅಣ್ಣ ಭೀಮಣ್ಣ. ಗಂಡ ಬಣವೆಯಿಂದ ಜೋಳದ ಕಣಿಕೆ ಎಳೆಯುವಾಗ ಕಾಲಿಗೆ ಏನೋ ಕಡಿದು, ಮೂರನೆಯ ದಿನ ಸತ್ತನೆಂದು ಅವಳ ಹೇಳಿಕೆ. ಕಾಲು ಕಪ್ಪಾಗಿ ಊದಿ, ಮಾಂಸ ಕೊಳೆತಿದ್ದರಿಂದ ಹಲ್ಲಿನ ಗುರುತು ಸಿಗಲಿಲ್ಲವೆಂದು ಡಾಕ್ಟರರ ವರದಿ.

“ಹುಳ ಮುಟ್ಟಿತ್ರೀ,” ಎಂದಳು ಗುರಮ್ಮ.

ನಮ್ಮ ಕಡೆ ಹಾವಿಗೆ ಹಾಗೆನ್ನುತ್ತಾರೆಂದು ಜಡ್ಜ್ ಸಾಹೇಬರಿಗೆ ಕೂಡಲೇ ತಿಳಿಸಿದೆ. ಹೈದರಾಬಾದಿನವರಾದ ಅವರು ಹಾವು ಕಂಡದ್ದು ಹಾವಾಡಿಗನ ಬುಟ್ಟಿಯಲ್ಲಿ ಮಾತ್ರ.

“ಕೌನ್ಸಾ ಸಾಂಪ್?” ಎಂದರು ಸಾಹೇಬರು. ಯಾವ ಹಾವೆಂದು ನಾನು ಕನ್ನಡದಲ್ಲಿ ಕೇಳಿದೆ.

ಗುರಮ್ಮ ಬಾಯಿ ಬಿಡಲಿಲ್ಲ.

“ಇಲ್ಲದ ಹುಳಕ್ಕ ಎಲ್ಲೀ ಹೆಸರ್ರೀ ಸಾಬ್!” ಎಂದು ಭೀಮಣ್ಣ ಕುಟುಕಿದ.

ಸುಮ್ಮನಿದ್ದರೆ ಜೈಲೆಂದು ಅವಳಿಗೆ ಮೆಲ್ಲಗೆ ಹೇಳಿದೆ.

“ಹೆಸರು ತಗೊಂಡ್ರ ಮತ್ತ ಬರ್ತದ್ರೀ ಯಪ್ಪಾ. ಅದೇ ಕಣಿಕಿ ಬಾಜೂಕ ನನ್ನ ಕೂಸು ಮಲ್ಕೋತದ.”

ಮೌನವನ್ನು ತರ್ಜುಮೆ ಮಾಡುವ ವಿಧಾನ ನಿಯಮಗಳಲ್ಲಿರಲಿಲ್ಲ. ಆದರೆ ಅದನ್ನು ತಪ್ಪೊಪ್ಪಿಗೆಯೆಂದು ಬರೆಯಲಾರೆನೆಂದು ನಿಶ್ಚಯಿಸಿದೆ. ಮಸಿ ಒಣಗಿಸಲು ಮೇಜಿನ ಮೇಲೆ ಮರಳಿನ ಡಬ್ಬಿ ಇರುತ್ತಿತ್ತು. ಸರ್ಕಾರಿ ಮರಳೆಂಬ ಭಯಭಕ್ತಿಯನ್ನೂ ಮರೆತು ನೆಲಕ್ಕೆ ಸುರುವಿದೆ.

“ಹೇಳಬ್ಯಾಡವ್ವ. ಬರದು ತೋರಸು.”

ಅವಳು ಬೆರಳಿನಿಂದ ದಪ್ಪ ಮೈ ಬರೆದಳು, ಬೆನ್ನುದ್ದಕ್ಕೂ ಸಾಲುಸಾಲಾಗಿ ಉಂಗುರ. ತಲೆ ಮಾತ್ರ ಬರೆಯಲಿಲ್ಲ.

“ಕೊಳಕಮಂಡಲ, ಹುಜೂರ್,” ಎಂದೆ. “ಮಂಡಲವೆಂದರೆ ಬೆನ್ನಿನ ಈ ಉಂಗುರ. ಕೊಳಕೆಂದರೆ ಕಡಿದಲ್ಲಿ ಮಾಂಸ ಕೊಳೆಯುವುದು. ಡಾಕ್ಟರರು ಪುಟವಿಡೀ ಬರೆದದ್ದನ್ನು ನಮ್ಮ ಹಿರಿಯರು ಒಂದು ಹೆಸರಿನಲ್ಲಿ ಮುಗಿಸಿದ್ದಾರೆ.”

ಚಿತ್ರ ಕಂಡ ಭೀಮಣ್ಣ ಎರಡು ಹೆಜ್ಜೆ ಹಿಂದೆ ಸರಿದಿದ್ದ. ಸಾಹೇಬರ ಕಣ್ಣು ಅವನ ಕಾಲ ಮೇಲಿತ್ತು.

“ನಿಮ್ಮ ಬಣವೆಯಲ್ಲಿ ಇದು ಮೊದಲೂ ಕಂಡಿತ್ತೇ?”

“ಹೋದ ಬ್ಯಾಸಿಗ್ಯಾಗ… ನಾನೇ ಒಂದು ಹೊಡದಿದ್ದೆರೀ,” ಎಂದು ತೊದಲಿದ.

ಸಾಹೇಬರು ವರದಿಯನ್ನು ಮತ್ತೊಮ್ಮೆ ಓದಿಸಿ ಕೇಳಿ, ಗುರಮ್ಮನನ್ನು ಬಿಡುಗಡೆ ಮಾಡಿದರು. ಹೊರಡುವ ಮೊದಲು ಅವಳು ಕೂತು, ಮರಳನ್ನು ಅಂಗೈಯಿಂದ ಪೂರ್ತಿ ಅಳಿಸಿದಳು.

“ಹೆಸರು ನೀವು ತಗೊಂಡೀರಿ ಮುನ್ಶಿ ಸಾಹೇಬ್ರ. ಹಾಸಿಗಿ ಝಾಡ್ಸಿ ಮಲ್ಕೋರಿ.”

ಸಾಕ್ಷಿ ಹೇಳಲಾರದ್ದಕ್ಕೂ ಜಾಗ ಮಾಡಿಕೊಡುವುದು ತರ್ಜುಮೆದಾರನ ಕೆಲಸವೆಂದು ಅಂದು ಕಲಿತೆ. ಮಸಿ ಹೀರುವ ಕಾಗದ ಬಂದ ಮೇಲೂ ನನ್ನ ಮೇಜಿನಿಂದ ಮರಳಿನ ಡಬ್ಬಿ ಕದಲಲಿಲ್ಲ. ಹಾಸಿಗೆಯನ್ನು ಇಂದಿಗೂ ಝಾಡಿಸುತ್ತೇನೆ. ಹೆದರಿಕೆಯಿಂದಲ್ಲ, ಕೋರ್ಟಿನ ಶಿಸ್ತಿನಿಂದ.