ಮರ ನೋಡಿ ಎತ್ತರ ಹೇಳುತ್ತಿದ್ದ ಗ್ರೆಗರಿ ಪೊರ್ಬುಗಳು

ಒಮಾನಿನ ಉತ್ತರದ ಬೆಟ್ಟಗಳಲ್ಲಿ ಎಷ್ಟು ಎತ್ತರಕ್ಕೆ ಬಂದೆವೆಂದು ತಿಳಿಯಲು ಕಂಪನಿಯ ಜೀಪಿನಲ್ಲಿ ಒಂದು ದುಬಾರಿ ಯಂತ್ರವಿತ್ತು. ಡ್ರೈವರ್ ಗ್ರೆಗರಿ ಪೊರ್ಬುಗಳು ಅದರ ಮೇಲೆ ಟವೆಲು ಒಣಗಿಸುತ್ತಿದ್ದರು. ಅವರಿಗೆ ಮರ ಸಾಕಿತ್ತು. ಜಾಲಿ ಮುಗಿದು ಕಾಡು ಆಲಿವ್ ಶುರುವಾದರೆ ಕಿಟಕಿ ಏರಿಸುವರು. ತಲೆ ಒಣಗಿದ ಜುನಿಪರ್ ಮರ ಕಂಡರೆ ಸ್ವೆಟರು ಹಾಕಿಕೊಳ್ಳುವರು. ಬುಡದಿಂದ ತುದಿಯವರೆಗೆ ಹಸಿರಾದ ಜುನಿಪರ್ ಕಂಡದ್ದೇ, “ಇನ್ನು ಮೋಡದ ಊರು. ಇಳೀರಿ ಮಾರಾಯ್ರೆ!”

ಪೊರ್ಬುಗಳೆಂದರೆ ನಮ್ಮ ತುಳುವರು ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವ ಮಾತು. ಇವರು ಶಿರ್ವದವರು. ಗಿಡ ನೆಡುವ ಗುತ್ತಿಗೆಯ ಆ ಕಂಪನಿಗೆ ಬೌಷರಿನಲ್ಲಿ ಆಫೀಸು. ಅಲ್ಲಿ ನಾನು ಟೈಪಿಸ್ಟ್.

ಎಂಬತ್ತರ ದಶಕದ ಕೊನೆಯಲ್ಲೊಮ್ಮೆ ನಮ್ಮ ಮ್ಯಾನೇಜರಿಗೆ ಜ್ಞಾನೋದಯವಾಯಿತು. ಜುನಿಪರ್ ಕಾಡು ನೋಡಲು ದೊಡ್ಡವರು ಬೆಟ್ಟ ಹತ್ತುವುದೇಕೆ? ಕಾಡೇ ಕೆಳಗಿಳಿದು ಬರಲಿ. ಬೆಟ್ಟದ ಬುಡದಲ್ಲಿ, ರಸ್ತೆ ಪಕ್ಕ, ಇನ್ನೂರು ಸಸಿ ನೆಡಲು ಅಪ್ಪಣೆಯಾಯಿತು.

ಪೊರ್ಬುಗಳು ತಮ್ಮ ಹರಕು ಹಿಂದಿಯಲ್ಲಿ, ಇಲ್ಲಿ ಇದು ಬದುಕುವುದಿಲ್ಲ, ಇದಕ್ಕೆ ಚಳಿ ಬೇಕು, ಮಂಜು ಬೇಕು ಎಂದು ನಿವೇದಿಸಿದರು.

“ನೀರು ಹಾಕು. ಖಲಾಸ್!” ಎಂದರು ಮ್ಯಾನೇಜರ್ ಸಾಹೇಬರು.

ಪೊರ್ಬುಗಳು ಎರಡು ಬೇಸಿಗೆ ಹಾಕಿದರು. ಟ್ಯಾಂಕರಿನಲ್ಲಿ ನೀರು ಹೊತ್ತರು. ಜ್ವರದ ಮಕ್ಕಳಿಗೆ ಒದ್ದೆ ಬಟ್ಟೆ ಹಾಕುವಂತೆ ಒಂದೊಂದು ಸಸಿಗೂ ನೆನೆಸಿದ ಗೋಣಿ ಸುತ್ತಿದರು. ನಾನೊಮ್ಮೆ ಹೋದಾಗ ಕೆಂಪಗಾದ ಸಸಿಯೊಂದನ್ನು ಹಿಡಿದು ಕುಳಿತಿದ್ದರು. “ನೀರು ತರಬಹುದು. ಮೋಡ ಎಲ್ಲಿಂದ ತರುದು, ಹೇಳಿ?”

ಇನ್ನೂರೂ ಒಣಗಿದವು. ಸಾಹೇಬರು ವರದಿ ಹೇಳಿ ಬರೆಸಿದರು: ಡ್ರೈವರನು ನೀರು ಹಾಕುವಲ್ಲಿ ತೋರಿದ ನಿರ್ಲಕ್ಷ್ಯವೇ ಕಾರಣ, ಆದ್ದರಿಂದ ಅವನನ್ನು ವಜಾ ಮಾಡಲಾಗಿದೆ. ನನ್ನ ಬೆರಳುಗಳು ಪ್ರತಿಭಟಿಸಿ ನಿಂತವು. “ಯಲ್ಲಾ, ಬೇಗ!” ಎಂದರು ಸಾಹೇಬರು. ಪ್ರತಿಭಟನೆ ಮುಗಿಯಿತು. ಇಂಗ್ಲಿಷ್ ಓದಲು ಬಾರದ ಪೊರ್ಬುಗಳು ತೋರಿಸಿದ ಜಾಗದಲ್ಲಿ ಸಹಿ ಹಾಕಿದರು. ಅವರಿಗೆ ಬಾಯಲ್ಲಿ ಹೇಳಿದ್ದು ಇಷ್ಟೇ: ಕೆಲಸ ಮುಗಿಯಿತು, ಊರಿಗೆ ಹೋಗು.

ಸೀಬ್ ವಿಮಾನ ನಿಲ್ದಾಣಕ್ಕೆ ಕಳಿಸಲು ಹೋದೆ. ಒಳಗೆ ಹೋಗುವ ಮುಂಚೆ ಕೇಳಿದರು: “ಅಲ್ಲ ಮಾರಾಯ್ರೆ, ನಾನು ಸೈನ್ ಹಾಕಿದ ಆ ಕಾಗದದಲ್ಲಿ ಎಂತ ಬರೆದದ್ದು?”

ನಾನೇ ಟೈಪಿಸಿದ ಪ್ರತಿಯೊಂದು ಪದವೂ ನೆನಪಿತ್ತು.

“ಆ ಗಿಡಗಳಿಗೆ ಕೆಳಗಿನ ಹವೆ ಆಗಲಿಲ್ಲ ಅಂತ, ಪೊರ್ಬುಳೆ.”

ಅವರ ಮುಖ ಅರಳಿತು. “ಹಾಂ! ಸಾಹೇಬ್ರಿಗೆ ಕಡೆಗಾದ್ರೂ ಅರ್ಥ ಆಯ್ತಲ್ಲ,” ಎಂದು ನನ್ನ ಕೈ ಕುಲುಕಿ, ಪೆಟ್ಟಿಗೆ ಎತ್ತಿಕೊಂಡು, ಒಳಗೆ ಹೋದರು.